ರೆಡ್ ವೆಲ್ವೆಟ್ ಕುಕೀಸ್ ಮರುದಿನಕ್ಕೆ ಗಟ್ಟಿಯಾಗುವುದೇಕೆ?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಮೆತ್ತಗಿನ ರೆಡ್ ವೆಲ್ವೆಟ್ ಶುಗರ್ ಕುಕೀಸ್ ಮಾಡಹೊರಟೆ. ಎರಡು ಕಪ್ ಮೈದಾ, ಒಂದು ಕಪ್ ಸಕ್ಕರೆ, ಕರಗಿಸಿದ ಉಪ್ಪು ಬೆಣ್ಣೆ 150 ಗ್ರಾಂ, ಒಂದು ಮೊಟ್ಟೆ, ನಾಲ್ಕು ದೊಡ್ಡ ಚಮಚ ಕೋಕೋ ಪುಡಿ, ಒಂದು ಟೀ ಚಮಚ ಅಡುಗೆ ಸೋಡಾ, ಎರಡು ಟೀ ಚಮಚ ಕೆಂಪು ದ್ರವ ಬಣ್ಣ ಹಾಕಿದೆ. 28 ಲೀಟರ್ ಓಟಿಜಿಯಲ್ಲಿ (ಮನೆಬಳಕೆಯ ವಿದ್ಯುತ್ ಓವನ್) 180 ಡಿಗ್ರಿಗೆ 18 ನಿಮಿಷ ಇಟ್ಟೆ. ಹರಡಿಕೊಂಡು ಒಂದಕ್ಕೊಂದು ಅಂಟಿದವು, ಬಣ್ಣ ಇಟ್ಟಿಗೆ ಪುಡಿಯ ಹಾಗೆ ಬಂತು, ಮರುದಿನ ಹಲ್ಲಿಗೆ ಸಿಗದಷ್ಟು ಗಟ್ಟಿ. ತಪ್ಪು ಎಲ್ಲಿ? ಮನೆಯಲ್ಲಿ ಮೊಟ್ಟೆ ತಿನ್ನದವರಿಗೂ ಇದನ್ನೇ ಮಾಡಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮೂರು ತೊಂದರೆಗಳಿಗೂ ಬೇರೆಬೇರೆ ಕಾರಣಗಳಿವೆ. ಕರಗಿಸಿದ ಬೆಣ್ಣೆಯಿಂದ ಹರಡಿದವು, ಸೋಡಾದಿಂದ ಬಣ್ಣ ಕೆಟ್ಟಿತು, 18 ನಿಮಿಷದ ಬೇಯಿಸುವಿಕೆಯಿಂದ ಗಟ್ಟಿಯಾದವು. ಈ ಮೂರರಲ್ಲಿ ಕೊನೆಯದೇ ದೊಡ್ಡದು. ಅದಕ್ಕೆ ಬರೀ ನಿಮ್ಮನ್ನು ದೂರುವಂತಿಲ್ಲ, ಈ ಕುಕೀಯ ಬಣ್ಣವೇ ಕಣ್ಣಿಗೆ ಮೋಸ ಮಾಡುತ್ತದೆ. ಸಾದಾ ಬಿಸ್ಕತ್ತು ಬೆಂದಾಗ ಅಂಚು ಹೊಂಬಣ್ಣಕ್ಕೆ ತಿರುಗುತ್ತದೆ, ನೋಡಿ ತೆಗೆಯುತ್ತೇವೆ. ಕೆಂಪು ಹಿಟ್ಟಿನಲ್ಲಿ ಆ ಗುರುತು ಕಾಣುವುದೇ ಇಲ್ಲ. ಇನ್ನೂ ಆಗಿಲ್ಲ ಅನ್ನಿಸಿ ಎರಡು ನಿಮಿಷ, ಮತ್ತೆರಡು ನಿಮಿಷ ಅಂತ ಬಿಡುತ್ತಾ ಹೋಗುತ್ತೇವೆ. ಅಂಚು ಕಂದಾಗಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಒಳಗಿನ ತೇವ ಆರಿಹೋಗಿರುತ್ತದೆ. ಬಿಸಿಯಿರುವಾಗ ಬೆಣ್ಣೆ, ಸಕ್ಕರೆ ಎರಡೂ ಕರಗಿ ಸಡಿಲವಾಗಿರುವುದರಿಂದ ಮೆತ್ತಗೇ ಇರುತ್ತದೆ. ತಣಿದ ಮೇಲೆ ನಿಜ ತಿಳಿಯುತ್ತದೆ.

ಮೊದಲು ಅಳತೆ ಕೊಡುತ್ತೇನೆ. ಇದರಲ್ಲಿ 15 ಕುಕೀಸ್ ಆಗುತ್ತವೆ. ತಕ್ಕಡಿಯಲ್ಲೇ ತೂಗಿ. ಮೈದಾ ಡಬ್ಬಕ್ಕೆ ಕಪ್ ಅದ್ದಿ ಒತ್ತಿ ತುಂಬಿದರೆ 150 ಗ್ರಾಂ ಹಿಡಿಯುತ್ತದೆ, ಚಮಚದಲ್ಲಿ ಸುರಿದು ಮೇಲ್ಮೈ ಸಮ ಮಾಡಿದರೆ 125 ಗ್ರಾಂ. ಎರಡು ಕಪ್ಪಿಗೆ 50 ಗ್ರಾಂ ವ್ಯತ್ಯಾಸ ಬಂದರೆ ಕುಕೀ ಒಣಗಲು ಅಷ್ಟೇ ಸಾಕು.

ಮೈದಾ 200 ಗ್ರಾಂ
ಕಾರ್ನ್ ಫ್ಲೋರ್ 15 ಗ್ರಾಂ
ಆಲ್ಕಲೈಸ್ ಮಾಡದ, ಅಂದರೆ ಕ್ಷಾರದಲ್ಲಿ ಸಂಸ್ಕರಿಸದ ಕೋಕೋ ಪುಡಿ 12 ಗ್ರಾಂ (ಎರಡು ದೊಡ್ಡ ಚಮಚ, ತಲೆ ಸಮ)
ಬೇಕಿಂಗ್ ಪೌಡರ್ ಮುಕ್ಕಾಲು ಟೀ ಚಮಚ
ಅಡುಗೆ ಸೋಡಾ ಎರಡು ಚಿಟಿಕೆ, ಅಂದರೆ ಟೀ ಚಮಚದ ಎಂಟನೇ ಒಂದು ಭಾಗ
ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ಜೊತೆಗೆ ಕಾಲು ಟೀ ಚಮಚ ಉಪ್ಪು
ಸಕ್ಕರೆ 150 ಗ್ರಾಂ, ಹೊರಳಿಸಲು ಬೇರೆ 40 ಗ್ರಾಂ
ಮೊಟ್ಟೆ 1 (ಸಿಪ್ಪೆ ಬಿಟ್ಟು 50 ಗ್ರಾಂ)
ನೀರು ಬಸಿದ ಗಟ್ಟಿ ಮೊಸರು 15 ಗ್ರಾಂ
ಬಿಳಿ ವಿನೆಗರ್ ಅರ್ಧ ಟೀ ಚಮಚ, ವೆನಿಲಾ ಒಂದು ಟೀ ಚಮಚ
ಕೆಂಪು ಜೆಲ್ ಬಣ್ಣ ಅರ್ಧ ಟೀ ಚಮಚ

ನೀವು ಹಾಕಿದ್ದಕ್ಕೆ ಹೋಲಿಸಿದರೆ ಕೋಕೋ ಅರ್ಧಕ್ಕಿಳಿದಿದೆ, ಸೋಡಾ ಎಂಟನೇ ಒಂದು ಭಾಗವಾಗಿದೆ. ರೆಡ್ ವೆಲ್ವೆಟ್ ಅಂದರೆ ಕೆಂಪು ಬಣ್ಣದ ಚಾಕೊಲೇಟ್ ತಿನಿಸಲ್ಲ. ವೆನಿಲಾ, ಬೆಣ್ಣೆ, ಸಣ್ಣ ಹುಳಿ, ಇವುಗಳ ಹಿಂದೆ ಕೋಕೋ ಸುಳಿದ ಹಾಗಿರಬೇಕು, ಅಷ್ಟೇ. 19ನೇ ಶತಮಾನದ ಅಮೆರಿಕದಲ್ಲಿ ನಯವಾದ ಒಡಲಿನ ಕೇಕುಗಳಿಗೆ ವೆಲ್ವೆಟ್ ಅನ್ನುತ್ತಿದ್ದರು. ಬಾಟಲಿಯ ಕೆಂಪು ಬಣ್ಣ ಸೇರಿಕೊಂಡಿದ್ದು ಆಮೇಲೆ. ಟೆಕ್ಸಸ್‌ನಲ್ಲಿ ಎಸೆನ್ಸ್ ಮತ್ತು ಬಣ್ಣ ಮಾರುತ್ತಿದ್ದ ಆಡಮ್ಸ್ ಎಕ್ಸ್‌ಟ್ರಾಕ್ಟ್ ಕಂಪನಿ ತನ್ನ ಬಣ್ಣದ ಜೊತೆ ರೆಸಿಪಿ ಕಾರ್ಡನ್ನೂ ಹಂಚಿ ಈ ಕೇಕನ್ನು ಮನೆಮನೆಗೆ ತಲುಪಿಸಿತು. ಬಣ್ಣ ಮಾರುವವರು ಬರೆದ ರೆಸಿಪಿಯಲ್ಲಿ ಬಣ್ಣ ಧಾರಾಳವಾಗಿದ್ದರೆ ಆಶ್ಚರ್ಯವೇನು! ಇವತ್ತಿಗೂ ಎಷ್ಟೋ ರೆಸಿಪಿಗಳಲ್ಲಿ ದೊಡ್ಡ ಚಮಚದ ಲೆಕ್ಕದಲ್ಲೇ ಬಣ್ಣ ಬರೆದಿರುತ್ತಾರೆ.

ಬಣ್ಣದ ವಿಚಾರವನ್ನು ಇಲ್ಲೇ ಮುಗಿಸೋಣ. ಕೋಕೋದಲ್ಲಿ ಎರಡು ಜಾತಿ. ಹುರಿದು ಪುಡಿ ಮಾಡಿದ ಸಹಜ ಕೋಕೋ ಸ್ವಲ್ಪ ಹುಳಿ, ತಿಳಿ ಕಂದು, ಒಳಗೊಂದು ಕೆಂಪು ಛಾಯೆ ಇರುತ್ತದೆ. ಇನ್ನೊಂದು ಕ್ಷಾರದಲ್ಲಿ ಸಂಸ್ಕರಿಸಿದ್ದು, ಡಚ್ ಪ್ರೊಸೆಸ್ಡ್ ಅಥವಾ ಆಲ್ಕಲೈಸ್ಡ್ ಅಂತ ಕರೆಯುತ್ತಾರೆ. ಅದು ಕಡು ಕಂದು, ಹುಳಿ ಇಲ್ಲ. ಪೊಟ್ಟಣದ ಮುಂದೆ ಏನೂ ಬರೆದಿರದಿದ್ದರೂ ಹಿಂದಿನ ಸಣ್ಣ ಅಕ್ಷರದಲ್ಲಿ ಅಸಿಡಿಟಿ ರೆಗ್ಯುಲೇಟರ್ 500 ಅಥವಾ 501 ಎಂದಿದ್ದರೆ ಅದು ಎರಡನೇ ಜಾತಿ. ಕೋಕೋ ನಮಗೆ ದೂರದ ಬೆಳೆಯಲ್ಲ, ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಬೆಳೆಯುತ್ತದೆ, ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆಯೇ ಇದೆ. ಆದರೆ ಯಾವ ಬ್ರಾಂಡ್ ಆದರೂ ಲೇಬಲ್ ಓದದೆ ತರಬೇಡಿ.

ಕೋಕೋದ ಕೆಂಪು ಛಾಯೆ ಉಳಿಯುವುದು ಹುಳಿ ಇದ್ದಾಗ. ಸೋಡಾ ಕ್ಷಾರ. ಒಂದು ಟೀ ಚಮಚ ಹಾಕಿದರೆ ಹುಳಿಯೆಲ್ಲ ಸತ್ತು ಕೋಕೋ ಕಂದಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಹುಳಿ ಪದಾರ್ಥ ಬೇರೆ ಇರಲೇ ಇಲ್ಲ, ಹಾಗಾಗಿ ಮಿಕ್ಕಿದ ಸೋಡಾ ಹಿಟ್ಟು ಬೇಗ ಕಂದುವುದಕ್ಕೂ ಹೆಚ್ಚು ಹರಡುವುದಕ್ಕೂ ನೆರವಾಯಿತು. ತಿಂದಾಗ ನಾಲಿಗೆಯ ಹಿಂಭಾಗದಲ್ಲಿ ಸಾಬೂನಿನಂಥ ರುಚಿ ಬಂದಿದ್ದರೆ ಅದೂ ಇದರದೇ ಕೆಲಸ. ಮೊಸರು, ವಿನೆಗರ್ ಎರಡೂ ಬಣ್ಣ ಕಾಯುವುದಕ್ಕೇ ಇರುವುದು. ವಿನೆಗರಿಗೆ ಸೋಡಾ ಬೆರೆಸಿ ಬುಸ್ಸೆನ್ನುವ ನೊರೆ ಬರಿಸಿ ಹಿಟ್ಟಿಗೆ ಸುರಿಯುವುದನ್ನು ನೋಡಿರುತ್ತೀರಿ. ನೋಡಲು ಚೆಂದ, ಆದರೆ ಹಿಟ್ಟನ್ನು ಉಬ್ಬಿಸಬೇಕಾದ ಗಾಳಿ ಬಟ್ಟಲಲ್ಲೇ ಖರ್ಚಾಗಿಹೋಗುತ್ತದೆ.

ಇನ್ನು ಬಾಟಲಿಯ ಬಣ್ಣ. ದ್ರವ ಬಣ್ಣದಲ್ಲಿ ಬಹುಪಾಲು ನೀರೇ. ಎರಡು ಚಮಚ ಹಾಕಿದರೂ ಕೆಂಪು ಏರುವುದಿಲ್ಲ, ಹಿಟ್ಟು ಮಾತ್ರ ಅಂಟಾಗುತ್ತದೆ. ಜೆಲ್ ತನ್ನಿ. ಬಿಡಿಯಾಗಿ ಮಾರುವ ಪುಡಿ ಬಣ್ಣ ಬೇಡ. ನಮ್ಮಲ್ಲಿ ಬಿಸ್ಕತ್ತು, ಕೇಕಿನಂಥ ತಿನಿಸುಗಳಿಗೆ ಅನುಮತಿಯಿರುವ ಕೃತಕ ಬಣ್ಣದ ಮಿತಿ ಕಿಲೋಗೆ 100 ಮಿಲಿಗ್ರಾಂ. ಮೇಲಿನ ಅಳತೆಯ ಹಿಟ್ಟು ಸುಮಾರು 565 ಗ್ರಾಂ ತೂಗುತ್ತದೆ, ಅಂದರೆ ಶುದ್ಧ ಬಣ್ಣ 55 ಮಿಲಿಗ್ರಾಂ ಮೀರಬಾರದು. ಇದು ಚಿಟಿಕೆಗಿಂತಲೂ ಕಡಿಮೆ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿ ಕೇಕುಗಳ 235 ಮಾದರಿ ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಮಿತಿ ಮೀರಿತ್ತು. ಇಲಾಖೆ ಎಚ್ಚರಿಸಿದ ಕೇಕುಗಳಲ್ಲಿ ರೆಡ್ ವೆಲ್ವೆಟ್ ಕೂಡ ಇತ್ತು. ಹಾಗಾಗಿ ಗಾಜಿನ ಪೆಟ್ಟಿಗೆಯಲ್ಲಿ ಕಾಣುವ ಕೆಂಪನ್ನು ಗುರಿ ಇಟ್ಟುಕೊಳ್ಳಬೇಡಿ. ಜೆಲ್ ಬಾಟಲಿಯ ಮೇಲಿರುವ ಪ್ರಮಾಣವನ್ನು ಮೀರಬೇಡಿ; ಅದು ಅರ್ಧ ಟೀ ಚಮಚಕ್ಕಿಂತ ಕಡಿಮೆಯಿದ್ದರೆ ಅದನ್ನೇ ಪಾಲಿಸಿ. ಸಿಗುವುದು ದಾಳಿಂಬೆ ಸಿಪ್ಪೆಯಂಥ ಮಂದ ಕೆಂಪು, ಅದೇ ಈ ಕುಕೀಗೆ ಸರಿಯಾದ ಬಣ್ಣ ಅನ್ನುವುದು ನನ್ನ ಅಭಿಪ್ರಾಯ.

ಬೀಟ್‌ರೂಟ್ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದರ ಬಣ್ಣಕ್ಕೆ ಹುಳಿ ಇಷ್ಟ, ಬಿಸಿ ಮತ್ತು ಸೋಡಾ ಶತ್ರು. ತುರಿದು ಹಿಂಡಿದ ರಸ ಹಾಕಿದರೆ ನೀರು ಹೆಚ್ಚಾಗಿ ಕೆಡುತ್ತದೆ. ಒಣ ಬೀಟ್‌ರೂಟ್ ಪುಡಿ 12 ಗ್ರಾಂ ಹಾಕಿ, ಮೈದಾವನ್ನು ಅಷ್ಟೇ ಕಡಿಮೆ ಮಾಡಿ, ಸೋಡಾ ಪೂರ್ತಿ ಬಿಟ್ಟು, ಕೋಕೋ 6 ಗ್ರಾಂಗೆ ಇಳಿಸಿ. ಹಸಿ ಹಿಟ್ಟು ಕಡು ಗುಲಾಬಿಯಾಗಿ ಆಸೆ ಹುಟ್ಟಿಸುತ್ತದೆ, ಬೆಂದ ಮೇಲೆ ಕಂದು ಮಿಶ್ರಿತ ಗುಲಾಬಿಗೆ ಇಳಿಯುತ್ತದೆ. ಅದಕ್ಕೆ ಸಿದ್ಧರಿದ್ದರೆ ಮಾಡಿ.

ಬೆಣ್ಣೆಗೆ ಬರೋಣ. ದಾವಣಗೆರೆಯವರಿಗೆ ಬೆಣ್ಣೆಯ ಪಾಠ ಹೇಳುವುದು ಸಂಕೋಚದ ಕೆಲಸ, ಆದರೂ ದೋಸೆಗೆ ಒಪ್ಪುವ ಬೆಣ್ಣೆ ಇಲ್ಲಿಗೆ ಒಪ್ಪುವುದಿಲ್ಲ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು, ಮಜ್ಜಿಗೆ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ. ಅಂಗಡಿಯ ಬೆಣ್ಣೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 80 ಭಾಗದಷ್ಟು ಕೊಬ್ಬು ಇರುತ್ತದೆ, ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ. ಹಳದಿ ಟೇಬಲ್ ಬೆಣ್ಣೆಗೆ ಸಾಮಾನ್ಯವಾಗಿ ಅನಾಟೊ ಎಂಬ ಬಣ್ಣ ಸೇರಿಸಿರುತ್ತಾರೆ. ಆ ಹಳದಿ ನಿಮ್ಮ ಕೆಂಪನ್ನು ಇಟ್ಟಿಗೆಯ ಕಡೆಗೆ ಎಳೆಯುತ್ತದೆ. ಆದಷ್ಟು ಉಪ್ಪಿಲ್ಲದ ಬಿಳಿ ಬೆಣ್ಣೆಯನ್ನೇ ತನ್ನಿ. ಉಪ್ಪಿನದೇ ಸಿಕ್ಕರೆ ಬೇರೆ ಉಪ್ಪು ಹಾಕಬೇಡಿ. ತುಪ್ಪ ಮಾತ್ರ ಬೇಡ. ಅದರಲ್ಲಿ ನೀರಿಲ್ಲದ ಕಾರಣ ಉದುರುದುರಾಗಿ ನಾನ್‌ಖಟಾಯಿಯ ದಾರಿ ಹಿಡಿಯುತ್ತದೆ.

ಬೆಣ್ಣೆಯ ಹದ ಮುಖ್ಯ. ಫ್ರಿಜ್‌ನಿಂದ ತೆಗೆದು ತುಂಡು ಮಾಡಿ ಇಟ್ಟರೆ ಬೆಂಗಳೂರಿನ ಡಿಸೆಂಬರಿನಲ್ಲಿ 40 ನಿಮಿಷ, ನಿಮ್ಮೂರಿನ ಏಪ್ರಿಲ್‌ನಲ್ಲಿ 10 ನಿಮಿಷವೂ ಬೇಡ. ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಹೊಳೆಯುವಷ್ಟು ಅಂಟಬಾರದು. ಸುಮಾರು 18ರಿಂದ 20 ಡಿಗ್ರಿ. ಕರಗಿಸಿದ ಬೆಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ. ಓವನ್ನಿಗೆ ಹೋದ ಕೂಡಲೇ, ಮೈದಾ ಮೊಟ್ಟೆ ಕಟ್ಟಿಕೊಳ್ಳುವ ಮೊದಲೇ ಹಿಟ್ಟು ಹರಿದುಬಿಡುತ್ತದೆ.

ಸಕ್ಕರೆಯ ಕಾಳೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಿರಾಣಿ ಅಂಗಡಿಯ ಸಕ್ಕರೆ ಕಾಳು ದಪ್ಪ. ಬೆಣ್ಣೆಯಲ್ಲಿ ಕರಗದೆ ಉಳಿದು ಓವನ್ನಿನಲ್ಲಿ ಪಾಕವಾಗಿ ಅಂಚನ್ನು ಹರಡುತ್ತದೆ, ತಣಿದ ಮೇಲೆ ಗರಿಗರಿ ಕಟ್ಟುತ್ತದೆ. ಮಿಕ್ಸಿಗೆ ಹಾಕಿ ಮೂರು ನಾಲ್ಕು ಸೆಕೆಂಡ್ ಒಂದು ಸುತ್ತು ಹೊಡೆಯಿರಿ, ಸಣ್ಣ ರವೆಯಷ್ಟಾದರೆ ಸಾಕು. ನುಣ್ಣಗೆ ಹಿಟ್ಟು ಮಾಡಿದರೆ ಕುಕೀ ಹರಡದೆ ಗುಡ್ಡೆಯಾಗಿ ಕೂರುತ್ತದೆ. ಸಕ್ಕರೆ ಹೆಚ್ಚಾಯಿತೆಂದು ಅರ್ಧ ಮಾಡುವವರೂ ಇದ್ದಾರೆ. ಅದು ಸಿಹಿಗಷ್ಟೇ ಅಲ್ಲ, ತೇವ ಹಿಡಿದಿಡಲಿಕ್ಕೂ ಬೇಕು. 20 ಗ್ರಾಂಗಿಂತ ಹೆಚ್ಚು ಕಡಿಮೆ ಮಾಡಿದರೆ ಮೆದು ಹೋಗುತ್ತದೆ.

ಈಗ ಕೈಕೆಲಸ. ಮೈದಾ, ಕಾರ್ನ್ ಫ್ಲೋರ್, ಕೋಕೋ, ಬೇಕಿಂಗ್ ಪೌಡರ್, ಸೋಡಾ, ಉಪ್ಪು ಎಲ್ಲವನ್ನೂ ಎರಡು ಸಲ ಜರಡಿ ಹಿಡಿಯಿರಿ. ಕೋಕೋ ಗಂಟು ಉಳಿದರೆ ಬೆಂದ ಕುಕೀಯಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಕಾರ್ನ್ ಫ್ಲೋರ್ ಇಲ್ಲಿ ತುಂಬಿಸಲು ಹಾಕಿದ್ದಲ್ಲ. ಮೈದಾದ ಜಿಗುಟನ್ನು ತಗ್ಗಿಸಿ ಒಡಲು ನಯವಾಗಿಸುತ್ತದೆ. ಬೆಣ್ಣೆ, ಸಕ್ಕರೆಯನ್ನು ಬೀಟರಿನ ನಡು ವೇಗದಲ್ಲಿ ಎರಡು ನಿಮಿಷ ತಿರುಗಿಸಿ, ಬಣ್ಣ ತಿಳಿಯಾದರೆ ಸಾಕು. ಕೇಕಿಗೆ ಮಾಡುವಂತೆ ಐದಾರು ನಿಮಿಷ ತಿರುಗಿಸಿದರೆ ಗಾಳಿ ಹೆಚ್ಚಿ ಓವನ್ನಿನಲ್ಲಿ ಉಬ್ಬಿ ಹೊರಗೆ ಬಂದ ಮೇಲೆ ಕುಸಿಯುತ್ತದೆ. ಮೊಟ್ಟೆ, ಮೊಸರು ಎರಡೂ ಫ್ರಿಜ್‌ನ ತಂಪಿನಲ್ಲಿರಬಾರದು, ಇದ್ದರೆ ಬೆಣ್ಣೆ ಒಡೆದು ಮಜ್ಜಿಗೆಯ ಹಾಗೆ ಕಾಣುತ್ತದೆ. ಮೊಟ್ಟೆ, ಮೊಸರು, ವಿನೆಗರ್, ವೆನಿಲಾ, ಜೆಲ್ ಬಣ್ಣ ಎಲ್ಲ ಈ ಹಂತದಲ್ಲೇ ಹಾಕಿ 30 ಸೆಕೆಂಡ್ ತಿರುಗಿಸಿ. ಮೈದಾ ಹಾಕಿದ ಮೇಲೆ ಬಣ್ಣ ಸೇರಿಸಹೊರಟರೆ ಅದು ಎಲ್ಲ ಕಡೆ ಹರಡುವ ಹೊತ್ತಿಗೆ ನೀವು ಹಿಟ್ಟನ್ನು ಚಪಾತಿಯ ಹಾಗೆ ನಾದಿರುತ್ತೀರಿ. ಆಮೇಲೆ ಬೀಟರ್ ಬಿಟ್ಟು ಮರದ ಸೌಟಿನಲ್ಲಿ ಒಣ ಪದಾರ್ಥ ಸೇರಿಸಿ, ಬಿಳಿ ಗೆರೆ ಕಾಣದಾದ ಕೂಡಲೇ ನಿಲ್ಲಿಸಿ. ಹಿಟ್ಟು ಮೆತ್ತಗೆ, ಬೆರಳಿಗೆ ಸ್ವಲ್ಪ ಅಂಟುವಂತಿರುತ್ತದೆ. ಹೆದರಿ ಮೈದಾ ಸುರಿಯಬೇಡಿ.

ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಬೆಣ್ಣೆ ಬಿಗಿಯಾಗುತ್ತದೆ, ಮೈದಾ ತೇವ ಕುಡಿಯುತ್ತದೆ, ಅಂಟು ತಾನಾಗಿ ಹೋಗುತ್ತದೆ. ರಾತ್ರಿ ಪೂರ್ತಿ ಇಟ್ಟರೂ ಒಳ್ಳೆಯದೇ. ಆಮೇಲೆ 36 ಗ್ರಾಂ ಉಂಡೆ ಕಟ್ಟಿ, ಅಂದರೆ ದೊಡ್ಡ ನಿಂಬೆಹಣ್ಣಿನ ಗಾತ್ರ. ದಪ್ಪ ಸಕ್ಕರೆಯಲ್ಲಿ ಹೊರಳಿಸಿ ಅಂಗೈಯಲ್ಲಿ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಒತ್ತಿ. ಇಲ್ಲಿ ದಪ್ಪ ಕಾಳೇ ಬೇಕು, ಮೇಲೆ ಮಿನುಗಿ ಕಡಿದಾಗ ಕುರುಕಲು ಕೊಡುತ್ತದೆ. ಬಿಸಿಲೂರಾದರೆ, ಕರಾವಳಿಯಾದರೆ ಒತ್ತಿದ ಮೇಲೆ ಇನ್ನೂ 15 ನಿಮಿಷ ಫ್ರಿಜ್‌ಗೆ.

ಓಟಿಜಿಯ ಮುಳ್ಳು 180 ಅಂದರೆ ಒಳಗೆ 180 ಇದೆ ಎಂದೇನೂ ಅಲ್ಲ. ಒಳಗಿಡುವ ಸಣ್ಣ ಥರ್ಮಾಮೀಟರ್ ಒಂದು ಕೊಂಡರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಶಾಖ ಕೊಡುವ ಕೆಳಗಿನ, ಮೇಲಿನ ಎರಡೂ ಕೋಲು ಹಚ್ಚಿ, ಫ್ಯಾನ್ ಆರಿಸಿ, 170 ಡಿಗ್ರಿಗೆ 15 ನಿಮಿಷ ಕಾಯಿಸಿ. ಟ್ರೇ ನಡು ಅಂತಸ್ತಿನಲ್ಲಿರಲಿ. ಮೇಲಕ್ಕೇರಿಸಿದರೆ ಕೋಲಿನ ಶಾಖ ನೇರ ಬಡಿದು ಕೆಂಪು ಕಂದುತ್ತದೆ. ಓಟಿಜಿಯ ಜೊತೆ ಬರುವ ಕಪ್ಪು ಟ್ರೇ ತಳವನ್ನು ಬೇಗ ಸೀಯಿಸುತ್ತದೆ, ಅಲ್ಯೂಮಿನಿಯಂ ತಟ್ಟೆ ಇದ್ದರೆ ಅದನ್ನೇ ಬಳಸಿ. ಮೇಲೆ ಬೇಕಿಂಗ್ ಪೇಪರ್ ಹಾಸಿ. ಅಂಗಡಿಯಲ್ಲಿ ಬಟರ್ ಪೇಪರ್ ಅಂತ ಕೊಡುವ ತೆಳು ಹಾಳೆ ಎಲ್ಲವೂ ಓವನ್ ಶಾಖಕ್ಕೆ ಆಗುವುದಿಲ್ಲ, ಕೇಳಿ ತನ್ನಿ. ಒಂದು ಸಲಕ್ಕೆ ಎಂಟು, ನಡುವೆ ಐದು ಸೆಂಟಿಮೀಟರ್ ಜಾಗ. ಉಳಿದ ಹಿಟ್ಟು ಫ್ರಿಜ್‌ನಲ್ಲೇ ಇರಲಿ. ಬಿಸಿ ಟ್ರೇ ಮೇಲೆ ಎರಡನೇ ಕಂತು ಇಟ್ಟರೆ ಓವನ್ನಿಗೆ ಹೋಗುವ ಮುಂಚೆಯೇ ಕರಗಲು ಶುರು.

ಸಮಯ 10ರಿಂದ 11 ನಿಮಿಷ. ಒಂಬತ್ತನೇ ನಿಮಿಷದಿಂದ ಬಣ್ಣ ನೋಡಬೇಡಿ, ಹೊಳಪು ನೋಡಿ. ಹಸಿ ಹಿಟ್ಟು ಹೊಳೆಯುತ್ತದೆ, ಬೆಂದದ್ದು ಮಂಕಾಗುತ್ತದೆ. ಮಂಕು ಅಂಚಿನಿಂದ ಒಳಕ್ಕೆ ಸರಿಯುತ್ತಾ ಬಂದು ನಡುವೆ ರೂಪಾಯಿ ನಾಣ್ಯದಷ್ಟು ಹೊಳಪು ಉಳಿದಾಗ ತೆಗೆಯಿರಿ. ಅಂಚು ಮುಟ್ಟಿದರೆ ಗುಳಿ ಬೀಳಬಾರದು, ನಡು ಮುಟ್ಟಿದರೆ ಬೀಳಬೇಕು. ನೋಡಿದವರು ಹಸಿ ಅನ್ನುತ್ತಾರೆ, ಅನ್ನಲಿ. ಟ್ರೇ ಮೇಲೆಯೇ ಐದು ನಿಮಿಷ ಬಿಟ್ಟರೆ ಅದರ ಬಿಸಿಯಲ್ಲೇ ಉಳಿದದ್ದು ಬೇಯುತ್ತದೆ. ಆಮೇಲೆ ತಂತಿ ಜಾಲರಿಗೆ ಎತ್ತಿ. ಎತ್ತುವಾಗ ಬಾಗಿ ಮುರಿಯುವಂತಾದರೆ ಇನ್ನೆರಡು ನಿಮಿಷ ಬಿಡಿ. ಚುಚ್ಚುವ ಥರ್ಮಾಮೀಟರ್ ಇರುವವರಿಗೆ ನಡುವೆ 82ರಿಂದ 85 ಡಿಗ್ರಿ. ಎಂಟನ್ನೂ ಇಡುವ ಮೊದಲು ಒಂದನ್ನು ಇಟ್ಟು ಪರೀಕ್ಷಿಸಿ. ಅದು ಚಪ್ಪಟೆಯಾದರೆ ಉಳಿದ ಹಿಟ್ಟಿಗೆ ಒಂದು ದೊಡ್ಡ ಚಮಚ ಮೈದಾ, ಗುಡ್ಡೆಯಾಗಿಯೇ ಉಳಿದರೆ ಇನ್ನಷ್ಟು ಒತ್ತಿ ಇಡಿ.

ಮೊಟ್ಟೆ ಬಿಟ್ಟು ಮಾಡುವುದಕ್ಕೆ ಕಂಡೆನ್ಸ್ಡ್ ಮಿಲ್ಕ್ 30 ಗ್ರಾಂ, ಗಟ್ಟಿ ಮೊಸರು ಒಟ್ಟು 35 ಗ್ರಾಂ, ಸಕ್ಕರೆ 130 ಗ್ರಾಂ, ಮೈದಾ 10 ಗ್ರಾಂ ಹೆಚ್ಚು. ಕಟ್ಟಿ ಹಿಡಿಯುವ ಮೊಟ್ಟೆ ಇಲ್ಲದ್ದರಿಂದ ಬಿಸಿಯಲ್ಲಿ ಬಹಳ ನಾಜೂಕು, ಟ್ರೇ ಮೇಲೆ 10 ನಿಮಿಷ ಬಿಡಿ. ಹಾಲಿನ ಅಂಶ ಹೆಚ್ಚಿರುವ ಕಾರಣ ಬೇಗ ಕಂದುತ್ತದೆ, 160 ಡಿಗ್ರಿಗೆ ಇಳಿಸಿ 12 ನಿಮಿಷ ಕೊಡಿ. ಅಗಸೆ ಬೀಜದ ಪುಡಿಯೂ ಕಟ್ಟುತ್ತದೆ, ಆದರೆ ಬಣ್ಣಕ್ಕೆ ಮಣ್ಣು ಬೆರೆಸಿದ ಹಾಗಾಗುತ್ತದೆ.

ಮೇಲೆ ಕ್ರೀಮ್ ಬೇಕೇಬೇಕೆಂದರೆ ಕ್ರೀಮ್ ಚೀಸ್ 100 ಗ್ರಾಂ, ಬೆಣ್ಣೆ 40 ಗ್ರಾಂ, ಐಸಿಂಗ್ ಸಕ್ಕರೆ 80 ಗ್ರಾಂ. ಮೊದಲು ಬೆಣ್ಣೆ, ಸಕ್ಕರೆ ತಿರುಗಿಸಿ, ಚೀಸನ್ನು ಕೊನೆಗೆ ತಣ್ಣಗೆ ಸೇರಿಸಿ ಅರ್ಧ ನಿಮಿಷಕ್ಕೆ ನಿಲ್ಲಿಸಿ, ಇಲ್ಲದಿದ್ದರೆ ನೀರಾಗುತ್ತದೆ. ಕ್ರೀಮ್ ಹಚ್ಚಿದ್ದನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ.

ಕ್ರೀಮ್ ಹಚ್ಚದವನ್ನು ಫ್ರಿಜ್‌ನಲ್ಲಿಡಬೇಡಿ. ಆ ತಂಪಿನಲ್ಲಿ ಮೈದಾದ ಪಿಷ್ಟ ಬೇಗ ಬಿರುಸಾಗುತ್ತದೆ, ಉಳಿದ ಅನ್ನ ಗಟ್ಟಿಯಾದ ಹಾಗೆಯೇ. ಪೂರ್ತಿ ತಣಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ, ನಾಲ್ಕು ದಿನ ಮೆತ್ತಗಿರುತ್ತವೆ. ಬಿಸಿಯಿರುವಾಗಲೇ ಮುಚ್ಚಿದರೆ ಬೆವರಿ ಮೇಲಿನ ಸಕ್ಕರೆ ಕರಗುತ್ತದೆ. ಹುಟ್ಟುಹಬ್ಬಕ್ಕೆ ಮುಂಚಿತವಾಗಿ ಮಾಡಿಡುವುದಾದರೆ ಬೆಂದದ್ದನ್ನಲ್ಲ, ಕಟ್ಟಿದ ಹಸಿ ಉಂಡೆಗಳನ್ನು ಫ್ರೀಜರಿನಲ್ಲಿಡಿ, ಒಂದು ತಿಂಗಳು ಇರುತ್ತವೆ. ಆ ದಿನ ಬೆಳಿಗ್ಗೆ ತೆಗೆದು 20 ನಿಮಿಷ ಹೊರಗಿಟ್ಟು, ಸಕ್ಕರೆಯಲ್ಲಿ ಹೊರಳಿಸಿ, ಒತ್ತಿ, ಒಂದು ನಿಮಿಷ ಹೆಚ್ಚು ಬೇಯಿಸಿ. ಈಗಾಗಲೇ ಗಟ್ಟಿಯಾಗಿರುವ ಹಳೆಯವು ಇನ್ನೂ ಉಳಿದಿದ್ದರೆ ಡಬ್ಬಿಯಲ್ಲಿ ಅವುಗಳ ಜೊತೆ ಒಂದು ಬ್ರೆಡ್ ಚೂರು ಇಟ್ಟು ರಾತ್ರಿ ಬಿಡಿ, ಬ್ರೆಡ್ಡಿನ ತೇವ ಎಳೆದುಕೊಂಡು ಒಂದಿಷ್ಟು ಮೆದುವಾಗುತ್ತವೆ. ಅದಕ್ಕೂ ಜಗ್ಗದಿದ್ದರೆ ಪುಡಿ ಮಾಡಿ ಐಸ್‌ಕ್ರೀಮ್ ಮೇಲೆ ಉದುರಿಸಿ.